ಮೊದಲ ಎಲೆ ಹೊತ್ತ ರೈಲು

ಹೋದ ಭಾನುವಾರ ನಮ್ಮ ಅಣ್ಣ ಮತ್ತೆ ಚಪ್ಪಲಿ ಮೆಟ್ಟಿದ. ಈ ಸಲ ಅವನನ್ನು ಎಬ್ಬಿಸಿದ್ದು ಒಂದು ಆಟದ ರೈಲು.

ಹಿಂದಿನ ಸಲದ್ದು ಮೊದಲು ಹೇಳಿಬಿಡ್ತೀನಿ. ಒಂಬತ್ತು ವರ್ಷದ ಹಿಂದೆ ಚನ್ನಗಿರಿಯಲ್ಲಿ ನಮ್ಮ ಗೃಹಪ್ರವೇಶ. ಎಲೆ-ಅಡಿಕೆ ಕೊಡುವಾಗ ಮೊದಲ ಎಲೆ ಅಣ್ಣನಿಗೆ ಹೋಗಬೇಕಿತ್ತು. ಗಡಿಬಿಡಿಯಲ್ಲಿ ನಮ್ಮ ಯಜಮಾನರು ಅದನ್ನು ಬಿಳಿಚೋಡಿನ ತಮ್ಮ ಚಿಕ್ಕಪ್ಪನ ಕೈಗಿಟ್ಟರು. ಅಣ್ಣ ಊಟ ಮಾಡದೆ ಸಂತೇಬೆನ್ನೂರಿಗೆ ಹೊರಟ. ಆಮೇಲೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಒಂದು ಎಲೆಗೆ ಒಂಬತ್ತು ವರ್ಷ! (ನಾನೇನು ಕಮ್ಮಿ? ಎರಡು ವರ್ಷ ಫೋನೂ ಮಾಡಿರಲಿಲ್ಲ. ಅವನೇ ಮಾಡಲಿ ಅಂತ.)

ಈಗ ಮಗಳು ಚೈತ್ರಾಳ ನಿಶ್ಚಿತಾರ್ಥ. ಮದುವೆ ದಿನ ಹುಡುಗಿಯ ಕೈ ಹಿಡಿದು ಹಸೆಗೆ ಕರೆತರಬೇಕಾದವನು ಸೋದರಮಾವ. ನನಗಿರೋದು ಒಬ್ಬನೇ ಅಣ್ಣ. ಮೂರು ಸಲ ಹೋಗಿ ಕರೆದೆ. ಮೂರನೇ ಸಲ ಅಲ್ಲೇ ಕೂತು ಅತ್ತೂಬಿಟ್ಟೆ. "ಬರ್ತೀನಿ ಬಿಡು, ಅಳಬ್ಯಾಡ" ಅಂದ.

ಇಷ್ಟಕ್ಕೆ ಎಲ್ಲರೂ ಸುಮ್ಮನಿದ್ದರೆ ಆಗ್ತಿತ್ತು. ಆದರೆ ನಮ್ಮ ಯಜಮಾನರ ರೈಲು ಹುಚ್ಚು ನಿಮಗೆ ಗೊತ್ತಲ್ಲ? ರಿಟೈರ್ ಆದ ಸೈನ್ಸ್ ಮೇಷ್ಟ್ರು. ಹಳೇ ವಿದೇಶಿ ಮಾಡೆಲ್ ರೈಲೊಂದು ಕೈಗೆ ಸಿಕ್ಕಿದ್ದೇ ತಡ, ಹಾಲ್ ತುಂಬ ಹಳಿ. (ಚನ್ನಗಿರಿಯವರು ರೈಲು ಹತ್ತಬೇಕಂದ್ರೆ ದಾವಣಗೆರೆಗೆ ಹೋಗಬೇಕು. ನಮ್ಮನೆಯಲ್ಲಿ ಬಚ್ಚಲಿಗೆ ಹೋಗಬೇಕಂದ್ರೂ ಹಳಿ ದಾಟಬೇಕು.)

"ಈ ಸಲ ಎಲೆ ನಾನು ಕೊಡೋದೇ ಇಲ್ಲ ಕಣೇ. ರೈಲೇ ತಗೊಂಡು ಹೋಗಿ ಭಾವನ ಮುಂದೆ ನಿಲ್ತತೆ. ಮಿಸ್ಟೇಕ್ ಆಗಾಕೆ ಚಾನ್ಸೇ ಇಲ್ಲ!" ಅಂದರು.

ಚಾನ್ಸ್ ಇತ್ತು. ಆ ಎಂಜಿನ್ ಹೊಟ್ಟೆಯಲ್ಲಿ ಒಂದು ಪುಟಾಣಿ ಸ್ವಿಚ್ ಇದೆ. ಕರೆಂಟ್ ಹೋಗಿ ಬಂದರೆ ಸಾಕು, 'ಟಿಕ್' ಅಂತ ಮಗ್ಗುಲು ಬದಲಿಸುತ್ತೆ. ಮುಂದೆ ಹೋಗ್ತಿದ್ದ ರೈಲು ಹಿಂದಕ್ಕೆ ಓಡುತ್ತೆ. ಮತ್ತೊಮ್ಮೆ ಹೋಗಿ ಬಂದರೆ ಮತ್ತೆ ಮುಂದಕ್ಕೆ. ತಿಂಗಳುಗಟ್ಟಲೆ ಡಬ್ಬದಲ್ಲಿಟ್ಟರೂ ಕೊನೆಗೆ ಎತ್ತ ಹೊರಟಿದ್ದೆ ಅನ್ನೋದನ್ನ ಅದು ಮರೆಯಲ್ಲ. ಇದನ್ನೆಲ್ಲ ನನಗೆ ದಿನಕ್ಕೆರಡು ಸಲ ಪಾಠ ಮಾಡಿದವರು ಅವರೇ.

"ಕರೆಂಟ್ ಹೋದ್ರೆ?" ಅಂದೆ.

"ಭಾನುವಾರ ಹೋಗಲ್ಲ."

"ಯುಪಿಎಸ್‌ಗೆ ಹಾಕ್ರಿ ಮತ್ತೆ."

"ಅದಕ್ಕೆ ಫ್ಯಾನ್ ಹಾಕೀನಿ. ಹೊನ್ನಾಳಿ ಬೀಗರಿಗೆ ಸೆಕೆ ಆದ್ರೆ?"

ಇಂಥವರ ಜೊತೆ ಏನು ಮಾತಾಡ್ತೀರಿ?

ಭಾನುವಾರ ಹಳಿಯ ಈ ತುದಿಗೆ ಅಣ್ಣ, ಆ ತುದಿಗೆ ಬಿಳಿಚೋಡಿನ ಚಿಕ್ಕಪ್ಪ. ನಡುವೆ ಗೋಡೆಗುಂಟ ಬೀಗರು. ರೈಲು ಎಲೆ-ಅಡಿಕೆ ಹೊತ್ತು ಅಣ್ಣನ ಕಡೆ ಗುಡುಗುಡು ಹೊರಟಿತು. ಎಲ್ಲರ ಮೊಬೈಲೂ ಮೇಲೆ. ಅಣ್ಣನ ಮುಖದಲ್ಲಿ ನಗು! ಒಂಬತ್ತು ವರ್ಷದ ಮೇಲೆ ಆ ನಗು ನೋಡಿ ನನ್ನ ಕಣ್ಣು ತುಂಬಿಬಂತು. ಅವನು ಕೈ ಚಾಚಿದ. ಇನ್ನು ಎರಡು ಮೊಳ.

ಕರೆಂಟ್ ಹೋಯ್ತು.

ರೈಲು ನಿಂತಿತು. ಯಜಮಾನರು ಎದ್ದು ಬರುವಷ್ಟರಲ್ಲಿ ಕರೆಂಟ್ ಬಂತು. ಟಿಕ್. ಎಲೆ ಹೊತ್ತ ರೈಲು ಅಣ್ಣನ ಕೈಯೆದುರಿಂದ ಹಿಂದೆ ಸರಿದು, ಹಾಲ್ ಉದ್ದಕ್ಕೂ ಓಡಿ, ಸೀದಾ ಹೋಗಿ ಚಿಕ್ಕಪ್ಪನ ಮುಂದೆ ನಿಂತಿತು. ಕಣ್ಣು ಮಂಜಾದ ಆ ಮುದುಕಪ್ಪ ಎರಡೂ ಕೈಯಿಂದ ಎಲೆ ಎತ್ತಿಕೊಂಡರು.

ಅಣ್ಣ ಎದ್ದ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

"ಭಾವಾ, ಅದು ಒಳಗಿನ ಸ್ವಿಚ್ಚು..." ಯಜಮಾನರು ಹಿಂದೆಯೇ ಓಡಿದರು.

"ಹೋದ ಸಲ ಗಡಿಬಿಡಿ ಅಂದ್ರಿ. ಈ ಸಲ ಸ್ವಿಚ್ಚು. ನಿಮ್ಮನೇಲಿ ಎಲೆಗೆ ನನ್ನ ದಾರೀನೇ ಗೊತ್ತಿಲ್ಲ ಬಿಡ್ರಿ" ಅಂದ. ಬಾಗಿಲಾಚೆ ನಿಂತು ಚಪ್ಪಲಿಗೆ ಕಾಲು ತೂರಿಸಿದ.

ನನಗೆ ತಲೆ ಕೆಟ್ಟುಹೋಯ್ತು. ಬೀಗರು ನೋಡ್ತಿದ್ದಾರೆ ಅನ್ನೋದೂ ಮರೆತು ಪ್ಲಗ್ ಕಿತ್ತು ಬಿಸಾಕಿದೆ. "ಹೋಗು! ಎಲ್ಲರೂ ಹೋಗ್ರಿ! ನನ್ನ ಮಗಳು ಒಬ್ಬಳೇ ನಡ್ಕೊಂಡು ಹಸೆಗೆ ಬರ್ತಾಳೆ!"

ಆಗ ಚಿಕ್ಕಪ್ಪ ಬಾಯಿ ಬಿಟ್ಟರು. "ಏನ್ ಗಲಾಟಿ ಇದು? ತಗೊಳ್ರಪ್ಪಾ ನಿಮ್ಮ ಎಲೀನ. ನಂಗೆ ಅಗಿಯಾಕೆ ಹಲ್ಲೇ ಇಲ್ಲ. ಆವತ್ತೂ ಇರ್ಲಿಲ್ಲ!" ಅಂತ ಎಲೆಯನ್ನು ರೈಲಿನ ಡಬ್ಬಿಯಲ್ಲಿ ವಾಪಸ್ ಇಟ್ಟರು.

ಒಂಬತ್ತು ವರ್ಷ ನಾವು ಯಾರೂ ಆ ಮನುಷ್ಯನ ಬಾಯಿ ಕಡೆ ನೋಡಿರಲೇ ಇಲ್ಲ!

ಚೈತ್ರಾ ಬಂದು ಪ್ಲಗ್ ಸಿಕ್ಕಿಸಿದಳು. ಟಿಕ್. ರೈಲು ಹೊರಟಿತು. ಅಣ್ಣನ ಖಾಲಿ ಕುರ್ಚಿ ಮುಂದೆ ನಿಂತಿತು.

"ಮಾವ, ರೈಲು ವಾಪಸ್ ಬಂತು. ನೀವು?" ಅಂದಳು.

ಅಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದು ಎಲೆ ತಗೊಂಡ. ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡ. ಊಟ ಆದ ಮೇಲೆ ನೆಲದ ಮೇಲೆ ಕೂತು ಪ್ಲಗ್ ಕೀಳೋದು, ಸಿಕ್ಕಿಸೋದು! ರೈಲು ಹಿಂದೆ ಮುಂದೆ ಓಡೋದನ್ನ ಯಜಮಾನರ ಜೊತೆ ಸಂಜೆವರೆಗೂ ನೋಡಿದ. ಹಸೆಗೆ ತಾನೇ ಕರೆತರ್ತೀನಿ ಅಂತ ಚೈತ್ರಾಳ ತಲೆ ಮುಟ್ಟಿ ಹೇಳಿದ. ನನ್ನ ಜೀವ ತಣ್ಣಗಾಯ್ತು.

ಹೊರಡುವಾಗ ಗೇಟಿನ ಹತ್ತಿರ ತಿರುಗಿ ನಿಂತ.

"ಎಲ್ಲ ಚೆನ್ನಾಗಾಯ್ತು ನೋಡು. ಆದ್ರೂ ಆವತ್ತು ಗೃಹಪ್ರವೇಶದಾಗ ನೀವು ಹಂಗೆ ಮಾಡಬಾರದಿತ್ತು."

ಮದುವೆಗೆ ಇನ್ನೂ ನಲವತ್ತು ದಿನ ಇದೆ. ರೈಲಿನ ಪ್ಲಗ್ ಗೋಡೆಯಲ್ಲಿದೆ. ನಮ್ಮ ಅಣ್ಣನದು ಎಲ್ಲಿದೆ ಅಂತ ಯಾರಾದರೂ ಹೇಳ್ತೀರಾ?