ಗೋಡೆಗೆ ಕಿವಿಗೊಟ್ಟು ಲೆಕ್ಕ ಹಾಕುವ ಅಕ್ಕ

ಬೆಳಗಿನ ಆರೂವರೆ. ಬೀದಿಯಲ್ಲಿ ಇನ್ನೂ ಒಂದು ಗಾಡಿಯೂ ಕೆಮ್ಮಿಲ್ಲ. ಟೈಲರಮ್ಮನ ಮನೆಯ ಪಕ್ಕದ ಓಣಿಯಲ್ಲಿ ಐವತ್ತೈದರ ಹೆಂಗಸೊಬ್ಬರು ಗೋಡೆಗೆ ಕೆನ್ನೆ ತಾಗುವಷ್ಟು ಹತ್ತಿರ ನಿಂತು, ಹಳೆಯ ಕರಣೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟುತ್ತಿದ್ದಾರೆ. ಟಕ್, ಟಕ್, ಟಕ್. ಆಮೇಲೊಂದು ಡಬ್. ಡಬ್ ಎಂದ ಕಡೆ ಸೀಮೆಸುಣ್ಣದಿಂದ ಒಂದು ಸುತ್ತು ಬೀಳುತ್ತದೆ.

“ಟಕ್ ಅಂದ್ರೆ ಗಾರೆ ಗಟ್ಟಿಯಾಗಿದೆ. ಡಬ್ ಅಂದ್ರೆ ಗಾರೆ ಇಟ್ಟಿಗೆಯಿಂದ ಬಿಟ್ಕೊಂಡಿದೆ, ಒಳಗೆ ಪೊಳ್ಳು. ಹೊತ್ತೇರಿದ್ರೆ ಬೀದಿ ಗಲಾಟೇಲಿ ಏನೂ ಕೇಳ್ಸಲ್ಲ. ಈ ಓರೆ ಬಿಸಿಲಲ್ಲಿ ಉಬ್ಬು ತಗ್ಗೂ ಬಚ್ಚಿಟ್ಕೊಳ್ಳಲ್ಲ” ಎನ್ನುತ್ತಾರೆ ಅವರು, ಗೋಡೆಯಿಂದ ಕಣ್ಣು ತೆಗೆಯದೆ.

ಬೀದಿಯ ಜನ ಇವರನ್ನು ಕರೆಯುವುದೇ ಟಕ್ಟಕ್ ಅಕ್ಕ ಎಂದು. ಮನೆಯ ಹೊರಗೋಡೆಗೆ ಗಾರೆ ಮಾಡಿಸುವ ಮುನ್ನ ಎಷ್ಟು ಜಾಗ, ಎಷ್ಟು ಸಿಮೆಂಟು, ಎಷ್ಟು ಮರಳು, ಎಷ್ಟು ದಿನದ ಕೂಲಿ ಎಂದು ಅಳೆದು ಹೇಳುವುದು ಇವರ ಕಸುಬು. ದಿನಕ್ಕೆ ಎರಡು ಮನೆ, ಗೋಡೆಯೊಂದಕ್ಕೆ ಮುನ್ನೂರು ನಾನೂರು ಪೆಟ್ಟು. ನನ್ನ ಮನೆಯ ಲೆಕ್ಕ ಹಾಕಿಕೊಟ್ಟವರೂ ಇವರೇ. ಹಾಗಿದ್ದೂ, ಮೊನ್ನೆ ಟೈಲರಮ್ಮ ಗೋಡೆಯ ಗೋಳು ತೋಡಿಕೊಳ್ಳುವ ತನಕ ಇವರ ವಿಷಯ ನನ್ನ ತಲೆಗೇ ಹೊಳೆದಿರಲಿಲ್ಲ.

ಟೈಲರಮ್ಮ ಮತ್ತು ಅವರ ನಾದಿನಿ ಹೊಲಿದು ಹೊಲಿದೇ ಕೊಂಡ ಮನೆ ಇದು. ಓಣಿ ಕಡೆಯ ಕೋಣೆಯಲ್ಲಿ ಎರಡು ಮಿಷನ್, ಗಿರಾಕಿಗಳ ಬಟ್ಟೆಯ ಗಂಟು. ಹೋದ ಮಳೆಗಾಲದಲ್ಲಿ ಗೋಡೆ ಒಸರಿ, ಒಂದು ಮದುವೆ ಮನೆಯ ಬಟ್ಟೆಗೆಲ್ಲ ಬೂಷ್ಟು ಹಿಡಿಯಿತು. ನೋಡಲು ಬಂದ ಇಬ್ಬರು ಗುತ್ತಿಗೆದಾರರು ಅಂಗಳದಲ್ಲೇ ನಿಂತು, ನಾಲ್ಕೂ ಕಡೆ ಕೆತ್ತಿ ಹೊಸದಾಗಿ ಬಳಿಯಬೇಕು ಎಂದರು. ಅಷ್ಟು ದುಡ್ಡು ಹೊಂದಿಸಬೇಕೆಂದರೆ ಅಂಚು ಹೊಲಿಯುವ ದೊಡ್ಡ ಮಿಷನ್ ಮಾರಬೇಕು. ಅದು ಹೋದರೆ ಅರ್ಧ ದುಡಿಮೆ ಹೋದಂತೆ. ಕೊಳ್ಳುವವನು ಸಂಜೆ ಬರುತ್ತಾನೆ. ಅತ್ತಿಗೆ ನಾದಿನಿ ಇಬ್ಬರೂ ಬಾಗಿಲಲ್ಲಿ ಜೀವ ಹಿಡಿ ಮಾಡಿಕೊಂಡು ನಿಂತಿದ್ದಾರೆ.

ಗುತ್ತಿಗೆದಾರರ ಚೀಟಿಯಲ್ಲಿ ಸಾವಿರದ ಆರುನೂರ ಎಂಬತ್ತು ಚದರ ಅಡಿ ಎಂದಿದೆ. ಅಕ್ಕ ಓದಿ ಹುಬ್ಬೇರಿಸುತ್ತಾರೆ. “ಕಿಟಕಿ ಬಾಗಿಲು ಒಂದನ್ನೂ ಕಳೆದಿಲ್ವಲ್ರೀ! ಕಿಟಕಿಗೂ ಗಾರೆ ಮೆತ್ತಿಸ್ಕೊಂಡು ಒಳಗೆ ಕತ್ತಲಲ್ಲಿ ಹೊಲೀತೀರಾ?” ನಾದಿನಿ ಕಿಸಕ್ಕನೆ ನಗುತ್ತಾಳೆ. ಆ ಮನೆಯಲ್ಲಿ ಒಂದು ವಾರದಿಂದ ಯಾರೂ ನಕ್ಕಿರಲಿಲ್ಲವಂತೆ.

ಉಳಿದ ಮೂರೂ ಗೋಡೆ ಟಕ್ ಎನ್ನುತ್ತವೆ. ಅಲ್ಲಲ್ಲಿ ಕೂದಲೆಳೆಯ ಬಿರುಕು, ಅದನ್ನು ತುಂಬಿದರೆ ಸಾಕು. ಓಣಿಯ ಗೋಡೆಯೊಂದೇ ಪೂರಾ ಪೊಳ್ಳು. ಅಕ್ಕ ಟೇಪು ಹಿಡಿಯುತ್ತಾರೆ. ಮೂವತ್ತೆರಡು ಅಡಿ ಉದ್ದ, ಹದಿನಾಲ್ಕು ಎತ್ತರ. ಎರಡು ಕಿಟಕಿ ಕಳೆದು, ಕಿಟಕಿಯ ಅಂಚು ಕೂಡಿಸಿದರೆ ನಾನೂರ ಮೂವತ್ತೆರಡು ಚದರ ಅಡಿ. ಟೈಲರಮ್ಮ ಕೈಮುಗಿಯಲು ಮುಂದಾಗುತ್ತಾರೆ. “ತಡೀರಮ್ಮ, ತಾರಸಿ ನೋಡದೆ ನಾನು ಬಾಯಿ ಬಿಡಲ್ಲ” ಎಂದು ಅಕ್ಕ ಮೆಟ್ಟಿಲು ಹತ್ತುತ್ತಾರೆ.

ಹೀಗೆ ಮೆಟ್ಟಿಲು ಹತ್ತುವುದಕ್ಕೊಂದು ಕಥೆಯಿದೆ. ಹನ್ನೆರಡು ವರ್ಷ ಅವರು ತಲೆಯ ಮೇಲೆ ಗಾರೆ ಬಾಣಲೆ ಹೊತ್ತವರು. ಮಾವನವರು ಮೇಸ್ತ್ರಿ. ಅವರ ಕಣ್ಣು ಮಂಜಾದ ಮೇಲೆ ಸೊಸೆ ಅಳೆಯುತ್ತಿದ್ದರು, ಮಾವ ತಟ್ಟಿ ಹೇಳುತ್ತಿದ್ದರು. “ಮಗಳಿಗೆ ಕಲಿಸ್ದಂಗೆ ಕಲಿಸಿದ್ರು. ಈ ಕರಣೆ ಅವರದ್ದೇ” ಎನ್ನುತ್ತಾ ಅಕ್ಕ ಅದರ ಹಿಡಿಯನ್ನು ಸವರುತ್ತಾರೆ. ಮಾವ ಹೋದ ಮೇಲೆ ಒಬ್ಬರೇ ಹಾಕಿದ ಮೊದಲ ಲೆಕ್ಕ, ಶಾಲೆಯ ಗೇಟು ಕಾಯುವವರೊಬ್ಬರ ಮನೆಯದು. ಕೆಳಗೇ ನಿಂತು ಅಳೆದರು. ತಾರಸಿಯ ಸುತ್ತಲಿನ ಮೋಟುಗೋಡೆಯ ಒಳಮೈ, ನೆತ್ತಿ ಎರಡೂ ಲೆಕ್ಕದಿಂದ ತಪ್ಪಿಹೋದವು. ಸಿಮೆಂಟು ಮುಗಿದು ಅದು ಹಾಗೇ ಉಳಿಯಿತು. ಮಳೆ ನೆತ್ತಿಯಿಂದ ಇಳಿದು ಹೊಸ ಗಾರೆಯನ್ನು ಹಪ್ಪಳದಂತೆ ಎಬ್ಬಿಸಿತು.

“ಆ ಯಜಮಾನ್ರು ಬೈದಿದ್ರೆ ಚೆನ್ನಾಗಿರ್ತಿತ್ತು. ಬೈಲಿಲ್ಲ. ಕೂತ್ಕೊಳಮ್ಮ ಅಂತ ಟೀ ಕೊಟ್ರು. ನಾಚಿಕೆಗೆ ಭೂಮಿಗಿಳಿದುಹೋದೆ. ಐದು ಭಾನುವಾರ ಹೋಗಿ ನಾನೇ ಕೈಯಾರೆ ಸರಿಮಾಡ್ಕೊಟ್ಟೆ. ಮುಂದಿನ ನಾಲ್ಕು ಮನೆ ಕೊಡಿಸಿದ್ದೂ ಅವರೇ. ಅವರನ್ನ ನೆನೆಸದೆ ನಾನು ತುತ್ತು ಎತ್ತಲ್ಲ.”

ಟೈಲರಮ್ಮನ ತಾರಸಿಯಲ್ಲೂ ಅದೇ ರೋಗ. ಓಣಿ ಕಡೆಯ ಮೋಟುಗೋಡೆಯ ನೆತ್ತಿ ಉದ್ದಕ್ಕೂ ಸೀಳಿದೆ. ಅಕ್ಕ ಮುಚ್ಚುಮರೆ ಮಾಡುವುದಿಲ್ಲ. “ನೀರು ಇಳೀತಿರೋದೇ ಇಲ್ಲಿಂದ. ಇದನ್ನ ಬಿಟ್ಟು ಕೆಳಗೆ ಎಷ್ಟು ಬಳಿದ್ರೂ ದಂಡ. ಇನ್ನೂ ನೂರ ಹನ್ನೆರಡು ಅಡಿ ಸೇರಿಸಬೇಕಮ್ಮ.” ನಾದಿನಿ ಅತ್ತಿಗೆಯ ತೋಳು ಹಿಡಿದುಕೊಳ್ಳುತ್ತಾಳೆ.

ಅಕ್ಕ ಮೆಟ್ಟಿಲ ಮೇಲೆ ಕುಕ್ಕರಿಸಿ, ಬೆರಳು ಮಡಚುತ್ತಾ, ಚೀಟಿಯ ಬೆನ್ನಿಗೆ ಬರೆಯುತ್ತಾರೆ. “ಒಟ್ಟು ಐನೂರ ನಲವತ್ತನಾಲ್ಕು. ಮೇಲಿಂದಕ್ಕೆ ಸಾರವೆ ಕಟ್ಟೋದು ಬೇಕಿಲ್ಲ, ನಿಂತೇ ಬಳೀಬಹುದು. ಗುತ್ತಿಗೆದಾರರು ಹೇಳಿದ ದುಡ್ಡಲ್ಲಿ ಮೂರನೇ ಒಂದು ಪಾಲೂ ಆಗಲ್ಲ. ಈ ಮೊತ್ತ ನಿಮ್ಮ ಕೈಲಿದೆಯಾ?”

“ಇದೆ ಅಕ್ಕಾ, ಇದೆ!” ಎನ್ನುತ್ತಾರೆ ಟೈಲರಮ್ಮ. ಸೆರಗಿನಿಂದ ಕಣ್ಣೊರೆಸಿಕೊಂಡು, ಮಿಷನ್ ಕೊಳ್ಳುವವನಿಗೆ ಫೋನು ಮಾಡಿ, ಬರಬೇಡಪ್ಪ ಎನ್ನುತ್ತಾರೆ. ನಾದಿನಿ ಸುಮ್ಮನಿರಲಾರದೆ ಅಕ್ಕ ಟೇಪು ಇಡುವ ಹರಿದ ಚೀಲ ಕಿತ್ತುಕೊಂಡು ಒಳಗೆ ಓಡುತ್ತಾಳೆ. ಮರುಕ್ಷಣ ದೊಡ್ಡ ಮಿಷನ್ ಗರಗರ ಸದ್ದು ಮಾಡುತ್ತದೆ. ಅಕ್ಕ ಕೆಳಗಿಳಿದು ಓಣಿಯ ಗೋಡೆಗೆ ಅಂಗೈ ಇಟ್ಟು ಆ ಸದ್ದು ಕೇಳುತ್ತಾ ನಿಲ್ಲುತ್ತಾರೆ.

ಇಷ್ಟು ಮಾಡುತ್ತೀರಿ, ನಿಮಗೇನು ಆಸೆ ಎಂದು ಕೇಳುತ್ತೇನೆ. ಪತ್ರಿಕೆಯವರಲ್ಲವೇ, ಕೇಳದಿದ್ದರೆ ನಮಗೆ ಸಮಾಧಾನವಿಲ್ಲ. ಅವರು ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತಾರೆ.

“ಮಳೆ ಹುಯ್ದಾಗ ಈ ಮನೆಯವರಿಗೆ ನನ್ನ ನೆನಪು ಬರಬಾರದು. ಅಷ್ಟೇ.”

ನನಗೆ ಮುಖ ಎತ್ತಲಾಗುವುದಿಲ್ಲ. “ಅಕ್ಕಾ, ನಮ್ಮನೆ ಗೋಡೆ ಮಾಡಿಸಿ ಮೂರು ಮಳೆಗಾಲ ಆಯ್ತು. ಒಂದು ದಿನಾನೂ ನಿಮ್ಮನ್ನ ನೆನೆಸ್ಕೊಂಡಿಲ್ಲ. ತಪ್ಪಾಯ್ತು.”

ಅಕ್ಕನ ಮುಖ ಇಷ್ಟಗಲವಾಗುತ್ತದೆ. “ಮೂರು ಮಳೆಗಾಲಾನಾ? ಒಂದು ಸಲಾನೂ ಇಲ್ವಾ?” ಎಂದು ಮತ್ತೆ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೆ ಕೈಯಲ್ಲಿದ್ದ ಕರಣೆಯನ್ನು ನೋಡಿ ಹೇಳುತ್ತಾರೆ, “ಕೇಳಿಸ್ಕೊಂಡ್ರಾ ಮಾವ?”