ವೈನಿಯ ಎರಡು ಪೆಟ್ಟಿಗೆ

ಮೊನ್ನೆ ಸಿರವಾರದ ಕಡೆಯಿಂದ ರಾಯಚೂರಿಗೆ ಬಸ್ಸಿನಲ್ಲಿ ಹೋಗುವಾಗ ರಸ್ತೆ ಬದಿಯ ಅಕ್ಕಿ ಗಿರಣಿಯ ಮುಂದೆ ಲಾರಿಗೆ ತೌಡು ತುಂಬುತ್ತಿದ್ದರು. ಕಿಟಕಿಯಿಂದ ಆ ವಾಸನೆ ಒಳಗೆ ನುಗ್ಗಿತು. ಬಿಸಿ ತೌಡು, ಅದರಲ್ಲಿ ಬೆರೆತ ಮಷಿನ್ ಎಣ್ಣೆ, ಮೋಟಾರಿನ ಪಟ್ಟಾ ಉಜ್ಜಿ ಸುಟ್ಟ ಕಮಟು. ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನನಗೆ ಎದೆಯೊಳಗೆ ಬೆಂಕಿ ಹೊತ್ತಿಕೊಂಡ ಹಾಗಾಯಿತು. ಗಿರಣಿ ಮನೆಯಲ್ಲೇ ಹುಟ್ಟಿ ಬೆಳೆದವಳು ನಾನು. ಆದರೂ ಆ ವಾಸನೆ ಮೂಗಿಗೆ ಬಿದ್ದರೆ ಮೊದಲು ಕಣ್ಣ ಮುಂದೆ ಬರುವವಳು ನಮ್ಮ ವೈನಿ. ಅವಳ ಹಿಂದೆಯೇ ಸಿಟ್ಟು ಬರುತ್ತದೆ. ಇಷ್ಟು ವರ್ಷಗಳಾದವು, ಒಂದು ಸಲವೂ ಅದು ತಪ್ಪಿಲ್ಲ.

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ಎಪ್ಪತ್ತರ ದಶಕದ ಕೊನೆ ಅದು. ಮಾನ್ವಿಯಲ್ಲಿ ನಮ್ಮ ಗಿರಣಿ, ಅದರ ಹಿಂದೆಯೇ ಮನೆ. ಅವ್ವ ತೀರಿಹೋಗಿದ್ದಳು. ನಾನು ರಾಯಚೂರಿನ ಹಾಸ್ಟೆಲಿನಲ್ಲಿದ್ದು ಬಿ.ಎ. ಮುಗಿಸಿ ಮನೆಗೆ ಬಂದು ಕೂತಿದ್ದೆ. ಇವತ್ತಿಲ್ಲ ನಾಳೆ ನಾನೂ ಮದುವೆಯಾಗಿ ಹೋಗುವವಳೇ. ಮನೆಗೆ ಒಂದು ಹೆಣ್ಣು ಬೇಕು ಅಂತ ಅಪ್ಪ ಅವಸರ ಮಾಡಿ ಅಣ್ಣನಿಗೆ ಕನ್ಯೆ ಹುಡುಕಿದ.

ಕನ್ಯೆ ಸಿಕ್ಕಿದ್ದು ದೇವದುರ್ಗದಲ್ಲಿ, ನಿವೃತ್ತ ಮಾಸ್ತರರ ಮನೆಯಲ್ಲಿ. ದೂರದ ಊರಿನ ವಿಶ್ವವಿದ್ಯಾಲಯದಲ್ಲಿ ಆಕೆ ಸಂಗೀತದಲ್ಲಿ ಎಂ.ಎ. ಓದುತ್ತಿದ್ದಳು. ನೋಡಲು ಹೋದ ದಿನ ಅಪ್ಪ ಎಲೆಅಡಿಕೆ ಮೆಲ್ಲುತ್ತ, "ಒಂದು ಹಾಡು ಹೇಳವಾ, ಕೇಳೋಣು" ಅಂದ. ಆಕೆ ತಲೆ ತಗ್ಗಿಸಲಿಲ್ಲ. "ಹಾಡು ಬರ್ತದರಿ. ಆದ್ರ ನಾ ಓದಾಕತ್ತಿದ್ದು ಹಾಡಿಕಿ ಅಲ್ಲರಿ. ಹಳೇ ಸಂಗೀತ ಶಾಸ್ತ್ರ. ಸ್ವರ ಅನ್ನೋದು ಎಲ್ಲಿ ನಿಂದ್ರತದ, ಯಾಕ ಅಲ್ಲೇ ನಿಂದ್ರತದ ಅನ್ನೋದು" ಅಂದಳು. ಅಪ್ಪ ನಕ್ಕ. ನಮ್ಮ ಅಣ್ಣ ಚಹಾದ ಬಸಿಯನ್ನೇ ನೋಡುತ್ತ ಕೂತಿದ್ದ. ನನಗೆ ಮಾತ್ರ ಅವತ್ತೇ ಆಕೆ ಬಹಳ ಇಷ್ಟವಾದಳು.

ಬರೆಯುವ ಪರೀಕ್ಷೆಗಳೆಲ್ಲ ಮುಗಿದಿದ್ದವು. ಉಳಿದಿದ್ದು ಒಂದು ಪ್ರಬಂಧ, ಅದನ್ನು ಪರೀಕ್ಷಕರ ಮುಂದೆ ನುಡಿಸಿ ತೋರಿಸುವುದು. ಮಾಸ್ತರರು ಕೈಮುಗಿದು, "ಅದೊಂದು ಮುಗಿಸಾಕ ಬಿಡ್ರಿ ಯಪ್ಪಾ, ಮತ್ತೇನೂ ಕೇಳಂಗಿಲ್ಲ" ಅಂದರು. "ಅದೇನ್ ದೊಡ್ಡ ಮಾತ್ರಿ? ನಮ್ಮ ಮನಿ ಸೊಸಿ ಎಂ.ಎ. ಆದ್ರ ನಮಗ ಮರ್ಯಾದಿ ಅಲ್ಲೇನು?" ಅಂದ ಅಪ್ಪ. ಈ ಮಾತನ್ನು ನಾನೇ ಕೇಳಿದ್ದೇನೆ, ಆ ಪಡಸಾಲೆಯಲ್ಲೇ ಇದ್ದೆ. ಆಮೇಲೆ ಮನೆಯಲ್ಲಿ ಎಲ್ಲರೂ ಅದನ್ನು ಮರೆತರು. ಇಲ್ಲ, ಮರೆತ ಹಾಗೆ ಮಾಡಿದರು.

ಆಕೆಯ ಪ್ರಬಂಧ ಇಪ್ಪತ್ತೆರಡು ಶ್ರುತಿಗಳ ಮೇಲೆ. ಸ್ವರ ಏಳೇ ಆದರೂ ಅವುಗಳ ನಡುವಿನ ಅಂತರವನ್ನು ಹಳೆಯ ಶಾಸ್ತ್ರಕಾರರು ಇಪ್ಪತ್ತೆರಡು ಸಣ್ಣ ಪಾಲು ಮಾಡಿದ್ದರಂತೆ. ಹಾಗೆ ಹೇಳಿ ಸುಮ್ಮನಾಗದೆ, ಯಾರು ಬೇಕಾದರೂ ಪರೀಕ್ಷೆ ಮಾಡಿ ನೋಡುವ ದಾರಿಯನ್ನೂ ಬರೆದಿಟ್ಟಿದ್ದರು. ಅದಕ್ಕೆ ಒಂದೇ ಅಳತೆಯ ಎರಡು ವೀಣೆ ಬೇಕು. ಎರಡು ವೀಣೆ ಎಲ್ಲಿಂದ ತರಬೇಕು? ಮಾಸ್ತರರು ದೇವದುರ್ಗದ ಬಡಿಗ್ಯಾನ ಕಡೆಯಿಂದ ಮಗಳಿಗೆ ಎರಡು ಉದ್ದನೆಯ ಪೆಟ್ಟಿಗೆ ಮಾಡಿಸಿ ಕೊಟ್ಟಿದ್ದರು. ಮೇಲೆ ತೆಳ್ಳನೆಯ ಹಲಗೆ, ಕೆಳಗೆ ತೆರೆದ ಬಾಯಿ. ಹಲಗೆಯ ಮೇಲೆ ಏಳು ತಂತಿ, ತಂತಿ ಬಿಗಿಯುವ ಏಳು ಕಟ್ಟಿಗೆಯ ಬಿರಡೆ. ಎರಡೂ ಅವಳಿಜವಳಿ ಹಾಗೆ. ಮದುವೆಯ ಸಾಮಾನಿನ ಜೊತೆ ಅವೂ ನಮ್ಮ ಮನೆಗೆ ಬಂದವು.

ಗಿರಣಿ ನಡೆಯುವಾಗ ನಮ್ಮ ಮನೆಯಲ್ಲಿ ಮಾತೇ ಕೇಳುತ್ತಿರಲಿಲ್ಲ, ಇನ್ನು ಶ್ರುತಿ ಎಲ್ಲಿಂದ ಕೇಳಬೇಕು? ಆದರೆ ಆಗ ಕರೆಂಟು ಹೋಗುವುದು ಬಹಳ. ಮಧ್ಯಾಹ್ನ ಕರೆಂಟು ಹೋಗಿ ಮೋಟಾರು ಗೊರಗೊರ ಎಂದು ನಿಂತಿತೆಂದರೆ ಅಪ್ಪ ಲೈನ್‌ಮನ್‌ನ ವಂಶವನ್ನೆಲ್ಲ ಬೈಯುತ್ತಿದ್ದ. ವೈನಿ ಒಳಗೆ ಕೈ ತೊಳೆದುಕೊಂಡು, "ಬಾ ತಂಗಿ, ಬಾ" ಅಂತ ನನ್ನನ್ನು ಕೋಣೆಗೆ ಎಳೆದುಕೊಂಡು ಹೋಗುತ್ತಿದ್ದಳು. ಊರೆಲ್ಲ ಬೇಸರಪಡುವ ಹೊತ್ತಿನಲ್ಲಿ ಆಕೆಯೊಬ್ಬಳ ಮುಖ ಅರಳುತ್ತಿತ್ತು...

ಎರಡೂ ಪೆಟ್ಟಿಗೆಗೆ ಒಂದೇ ರೀತಿ ಸ ರಿ ಗ ಮ ಕಟ್ಟುತ್ತಿದ್ದಳು. ಒಂದನ್ನು ಹಾಗೇ ಬಿಡಬೇಕು, ಮುಟ್ಟಬಾರದು. ಇನ್ನೊಂದರ ತಂತಿಗಳನ್ನೆಲ್ಲ ಕೂದಲೆಳೆಯಷ್ಟು ಇಳಿಸಬೇಕು. ಆಗ ಎರಡೂ ಪೆಟ್ಟಿಗೆ ಜಗಳಕ್ಕೆ ಬಿದ್ದ ಹಾಗೆ ಕೇಳುತ್ತಿತ್ತು, ಒಂದು ಸ್ವರವೂ ಕೂಡುತ್ತಿರಲಿಲ್ಲ. "ತಡಿ, ಇನ್ನೊಮ್ಮಿ ಇಳಸ್ತೀನಿ" ಅನ್ನುತ್ತಿದ್ದಳು. ಒಂದು ಮಧ್ಯಾಹ್ನ ಹಾಗೆ ಎರಡನೆಯ ಸಲ ಇಳಿಸಿ, ಇಳಿಸಿದ ಪೆಟ್ಟಿಗೆಯ ಗಾಂಧಾರವನ್ನೂ ಮುಟ್ಟದೆ ಬಿಟ್ಟ ಪೆಟ್ಟಿಗೆಯ ರಿಷಭವನ್ನೂ ಒಟ್ಟಿಗೆ ಮೀಟಿದಳು. ಎರಡು ದನಿ ಒಂದೇ ಆಗಿಬಿಟ್ಟವು. ಎಲ್ಲಿ ಇದು ಮುಗಿದು ಅದು ಶುರುವಾಯಿತು ಅಂತ ಹೇಳಲು ಬರದ ಹಾಗೆ. ನನ್ನ ಕೈ ಮೇಲಿನ ಕೂದಲು ನಿಮಿರಿದವು. ನಾನು ಸಂಗೀತ ಕಲಿತವಳಲ್ಲ, ಆದರೂ ಕೇಳಿಸಿತು.

"ನೋಡಿದ್ಯಾ?" ಅಂದಳು ವೈನಿ. ಕಣ್ಣು ತುಂಬಿದ್ದವು. "ಹಳಬ್ರು ನಂಬ್ರಿ ಅಂತ ಹೇಳಿಲ್ಲ. ಎರಡು ಇಟ್ಕೊಂಡು ನೀವೇ ಕೇಳ್ರಿ ಅಂದಾರ. ಎಷ್ಟ್ ದೊಡ್ಡ ಮನಸು ನೋಡು ಅವರ್ದು."

ಅಷ್ಟರಲ್ಲಿ ಕರೆಂಟು ಬಂತು. ಗಿರಣಿ ಶುರುವಾಯಿತು.

ಪರೀಕ್ಷೆಯ ದಿನ ಗೊತ್ತಾದಾಗ ಅಣ್ಣ ತಾನೇ ಜೀಪಿನಲ್ಲಿ ರಾಯಚೂರಿಗೆ ಕರೆದುಕೊಂಡು ಹೋಗಿ ರೈಲು ಹತ್ತಿಸುತ್ತೇನೆ ಅಂದ. ಹಿಂದಿನ ದಿನವೇ ವೈನಿ ಪೆಟ್ಟಿಗೆಗಳನ್ನು ಚಾದರದಲ್ಲಿ ಸುತ್ತಿ ಬಾಗಿಲ ಹತ್ತಿರ ಇಟ್ಟಳು. ಬೆಳಿಗ್ಗೆ ಎದ್ದು ನೋಡಿದರೆ ಜೀಪಿಲ್ಲ. ಸಿರವಾರದಲ್ಲಿ ಭತ್ತ ಬಂದಿದೆ ಅಂತ ಅಪ್ಪ ಅಣ್ಣನನ್ನು ಕಳಿಸಿದ್ದ, ಅಣ್ಣ ಹೋಗಿದ್ದ. ಬಸ್ಸಿಗಾದರೂ ಹೋಗುತ್ತೇನೆ ಅಂದಾಗ ಅಪ್ಪ, "ಗಂಡ ಇಲ್ದ ಹೊತ್ತಿನ್ಯಾಗ ಸೊಸಿ ಬಸ್ ಸ್ಟ್ಯಾಂಡಿನ್ಯಾಗ ನಿಂತ್ರ ಊರ ಮಂದಿ ಏನಂದಾರು?" ಅಂದ. ಸಂಜೆ ಅಣ್ಣ ಬಂದ. ವೈನಿ ನೀರು ಕೊಟ್ಟಳು. ಅವನು ಕುಡಿದ. "ಏನ್ ಮಾಡ್ಲಿ, ಅಪ್ಪ ಹೇಳಿದ್ರು" ಅಂದ. ಅದೇ ಅವನ ಮಾತು ಯಾವಾಗಲೂ. ಮದುವೆಗೂ ಅದೇ, ಎಲ್ಲದಕ್ಕೂ ಅದೇ. ಕೈ ಎತ್ತುವ ಗಂಡನಾಗಿದ್ದರೆ ಎದುರು ನಿಂತು ಹೊಡೆದಾಡಬಹುದಿತ್ತು. ಇಂಥವನ ಜೊತೆ ಏನು ಮಾಡಬೇಕು?

ಆಕೆಯ ಪ್ರಾಧ್ಯಾಪಕರು ಒಳ್ಳೆಯವರಿರಬೇಕು, ಮುಂದಿನ ಸಲದ ಪರೀಕ್ಷೆಗೆ ಮತ್ತೆ ಅವಕಾಶ ಕೊಡಿಸಿದರು. ಇದೇ ಕೊನೆ ಅಂದಿದ್ದರಂತೆ. ಅದಕ್ಕೆ ಕೆಲವೇ ದಿನ ಇರುವಾಗ ದೇವದುರ್ಗದಲ್ಲಿ ಮಾಸ್ತರರಿಗೆ ಆರಾಮಿಲ್ಲದಂತಾಗಿ ವೈನಿ ತವರಿಗೆ ಹೋದಳು. ನಾನೂ ಆಗ ರಾಯಚೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಇಬ್ಬರೂ ಒಂದೇ ದಿನ ಬೆಳಿಗ್ಗೆ ಮಾನ್ವಿಗೆ ಮರಳಿದೆವು. ಮರುದಿನ ಪರೀಕ್ಷೆಗೆ ಹೊರಡಬೇಕಿತ್ತು. ಕೋಣೆಯಲ್ಲಿ ಪೆಟ್ಟಿಗೆ ಇರಲಿಲ್ಲ.

ಅವು ಗಿರಣಿಯ ಮುಂದಿನ ಗಾದಿಯ ಮೇಲೆ ಇದ್ದವು. ಅಪ್ಪ ಕೂತು ವ್ಯಾಪಾರ ಮಾಡುವ ಜಾಗ ಅದು. ಎರಡೂ ಪೆಟ್ಟಿಗೆಗಳನ್ನು ಮಗುಚಿ, ತೆರೆದ ಬಾಯಿ ಮೇಲೆ ಮಾಡಿ ಇಟ್ಟಿದ್ದರು. ತಂತಿ ಕಿತ್ತಿದ್ದರು, ಬಿರಡೆ ಕಿತ್ತಿದ್ದರು. ಒಳಗೆ ಅಡ್ಡ ಹಲಗೆ ಸಿಗಿಸಿ ಖಾನೆ ಮಾಡಿ, ಒಂದೊಂದರಲ್ಲಿ ಒಂದೊಂದು ನಮೂನೆಯ ಅಕ್ಕಿ ಹಾಕಿದ್ದರು. ಹಂಸ, ಮಸೂರಿ, ಜಯಾ, ನುಚ್ಚು. ಹೈದರಾಬಾದಿನಿಂದ ಬಂದ ವ್ಯಾಪಾರಿಗಳು ಗಾದಿಯ ಸುತ್ತ ಕೂತು ಅಕ್ಕಿಯನ್ನು ಅಂಗೈಯಲ್ಲಿ ಉಜ್ಜಿ ನೋಡುತ್ತಿದ್ದರು. ಅಣ್ಣ ಅವರಿಗೆ ಚಹಾ ಕೊಡುತ್ತಿದ್ದ.

ವೈನಿ ಬಾಗಿಲಲ್ಲಿ ನಿಂತು ನೋಡಿದಳು. ಮನೆಯ ಹೆಂಗಸರು ಗಾದಿಗೆ ಬರುವ ಪದ್ಧತಿ ನಮ್ಮಲ್ಲಿ ಇರಲೇ ಇಲ್ಲ. ಆಕೆ ಸೀದಾ ಒಳಗೆ ಬಂದಳು. ಒಂದು ಪೆಟ್ಟಿಗೆ ಎತ್ತಿ, ಅಕ್ಕಿಯನ್ನೆಲ್ಲ ಗಾದಿಯ ಬಿಳಿ ಹಾಸಿನ ಮೇಲೆ ಸುರಿದಳು. ಆಮೇಲೆ ಇನ್ನೊಂದು. ಎಲ್ಲ ನಮೂನೆಯೂ ಬೆರೆತು ಗುಡ್ಡೆಯಾಯಿತು. ವ್ಯಾಪಾರಿಯೊಬ್ಬ ಚಹಾದ ಕಪ್ಪು-ಬಸಿ ಹಿಡಿದುಕೊಂಡೇ ಹಿಂದೆ ಸರಿದ.

"ಇದೇನ್ ಮಾಡಾಕತ್ತಿ?" ಅಪ್ಪನ ದನಿ ಹೊರಗಿನ ಹಮಾಲರಿಗೂ ಕೇಳಿಸಿತು.

"ನನ್ನ ಸಾಮಾನು ತೊಗೊಳಾಕತ್ತೀನ್ರಿ ಮಾವಾರ."

"ಹೊಸ್ತಿಲ ದಾಟಿದ್ರ ಮತ್ತ ಬರಂಗಿಲ್ಲ ನೀ, ನೆಪ್ಪಿರಲಿ."

ಆಕೆ ಅಣ್ಣನ ಕಡೆ ನೋಡಿದಳು. ಅಷ್ಟೇ, ಒಂದು ಸಲ. ನಾನೂ ನೋಡಿದೆ. ಅವನು ಬಗ್ಗಿ, ಚೆಲ್ಲಿದ ಅಕ್ಕಿಯನ್ನು ಎರಡೂ ಕೈಯಿಂದ ಗುಡಿಸಲು ಶುರು ಮಾಡಿದ್ದ. ಹೆಂಡತಿ ಎದುರು ನಿಂತಿದ್ದಾಗ ಅವನು ಅಕ್ಕಿ ಗುಡಿಸುತ್ತಿದ್ದ!

ನಾನು ಮೋಟಾರು ಕೋಣೆಗೆ ಓಡಿ, ಬೇಡದ್ದನ್ನೆಲ್ಲ ಎಸೆಯುವ ಗುಜರಿ ಚೀಲವನ್ನು ನೆಲಕ್ಕೆ ಸುರುವಿ ಬಿರಡೆಗಳನ್ನು ಹುಡುಕಿ ಸೆರಗಿನಲ್ಲಿ ಕಟ್ಟಿಕೊಂಡೆ. ತಂತಿಗಳು ಸೊಟ್ಟಾಗಿ ಹೋಗಿದ್ದವು. ಇಬ್ಬರೂ ತಲಾ ಒಂದು ಪೆಟ್ಟಿಗೆ ಹೊತ್ತು ಮಾನ್ವಿಯ ಬಜಾರಿನ ನಡುವೆಯೇ ಬಸ್ ಸ್ಟ್ಯಾಂಡಿಗೆ ನಡೆದೆವು. ಜನ ನೋಡಿದರು. ನೋಡಲಿ ಅಂತಲೇ ನಾನು ತಲೆಯ ಮೇಲಿನ ಸೆರಗು ಜಾರಲು ಬಿಟ್ಟೆ.

ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರ ಹಾರ್ಮೋನಿಯಂ, ಸಿತಾರು ರಿಪೇರಿ ಮಾಡುವ ಮುದುಕರೊಬ್ಬರ ಅಂಗಡಿಯಿತ್ತು. ತಂತಿ ಕೇಳಿದೆವು. ಅವರು ಪೆಟ್ಟಿಗೆಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಏ ಕ್ಯಾ ಹೈ ಬೇಟೀ? ಸಿತಾರ್ ಅಲ್ಲ, ಸಂತೂರ್ ಅಲ್ಲ..." ಅಂದರು. "ಹಳೇ ಜಮಾನಾದ್ದು ಚಾಚಾ" ಅಂದಳು ವೈನಿ, ಅವತ್ತು ಮೊದಲ ಸಲ ನಗುತ್ತ. ಅವರು ಅಂಗಡಿಯ ಕಟ್ಟೆಯ ಮೇಲೆ ಚಾಪೆ ಹಾಸಿಕೊಟ್ಟರು. ಸೈಕಲ್ಲು, ಟಾಂಗಾಗಳ ಗದ್ದಲದ ನಡುವೆ ಕೂತು ನಾವು ಒಳಗಿನ ಅಡ್ಡ ಹಲಗೆ ಕಿತ್ತು, ಬಿರಡೆ ಬಡಿದು, ತಂತಿ ಕಟ್ಟಿದೆವು. ಖಾನೆಗಳ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಅಕ್ಕಿ ಕಾಳುಗಳನ್ನು ವೈನಿ ಹೇರ್‌ಪಿನ್ನಿನಿಂದ ಒಂದೊಂದಾಗಿ ತೆಗೆದಳು. ಕಾಳಿದ್ದರೆ ದನಿ ಗುಯ್ ಅನ್ನುತ್ತದಂತೆ. ಸಂಜೆಯ ರೈಲು ಹತ್ತುವಾಗ ನನ್ನ ಕೈ ಹಿಡಿದು, "ನೀ ಮನಿಗಿ ಹೋಗು. ನಿನ್ನ ಲಗ್ನಕ್ಕ ಅಡ್ಡಿ ಆಗೋದು ಬ್ಯಾಡ" ಅಂದಳು.

ಪಾಸಾದಳು. ಪರೀಕ್ಷಕರು ತಾವೇ ಎದ್ದು ಬಂದು ಪೆಟ್ಟಿಗೆಗೆ ಕಿವಿ ಹಚ್ಚಿ ಕೇಳಿದರಂತೆ. ಅಷ್ಟು ಗೆದ್ದಮೇಲೆ ಎಲ್ಲ ಸರಿಹೋಗಬೇಕಿತ್ತು ಅನಿಸುತ್ತದೆ. ಹೋಗಲಿಲ್ಲ. ಅಪ್ಪ ಹೇಳಿದ ಮಾತಿನಂತೆ ಬಾಗಿಲು ಹಾಕಿದ. ಅಣ್ಣ ಕರೆಯಲು ಹೋಗಲಿಲ್ಲ. ಕೇಳಿದವರಿಗೆಲ್ಲ, "ಪಾಪ, ಓದಿ ಓದಿ ತಲಿ ಕೆಟ್ಟಿತ್ತು" ಅಂತ ಹೇಳಿದರು. ವರ್ಷ ಕಳೆಯುವುದರಲ್ಲಿ ಅಣ್ಣನಿಗೆ ಇನ್ನೊಂದು ಮದುವೆ ಮಾಡಿದರು.

ವೈನಿ ದೇವದುರ್ಗದಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹಾಡು ಕಲಿಸುವ ಕೆಲಸ ಹಿಡಿದಳು. ಶಾಸ್ತ್ರ ಓದಿದವರನ್ನು ಕೇಳುವವರು ನಮ್ಮ ಕಡೆ ಯಾರಿದ್ದರು? ಕಾಲೇಜಿನ ಸಂದರ್ಶನವೊಂದಕ್ಕೆ ಹೋದಾಗ ಒಂದು ಭಾವಗೀತೆ ಹಾಡಿಸಿ, ಸಾಕು ಅಂದರಂತೆ. ಪೆಟ್ಟಿಗೆಯ ಮೇಲಿನ ಬಟ್ಟೆ ತೆಗೆಯಲೂ ಬಿಡಲಿಲ್ಲವಂತೆ. ನಾನು ಗಂಡನ ಮನೆಯಿಂದ ಬಂದಾಗ ಆಕೆಯನ್ನು ನೋಡಲು ಹೋಗುತ್ತಿದ್ದೆ. ಸೊರಗಿದ್ದಳು. ಆದರೆ ಮಾತು ಮಾತ್ರ ಅದೇ: ಈಗಿನ ರಾಗಗಳಲ್ಲಿ ಆ ಹಳೆಯ ಗಾಂಧಾರ ಎಲ್ಲಿ ಉಳಿದಿದೆ, ಹಳ್ಳಿಯ ಹೆಂಗಸರು ಬೀಸುವಾಗ ಹಾಡುವ ಪದಗಳಲ್ಲಿ ಉಳಿದಿರಬಹುದೇ, ಅಲ್ಲೇ ಹತ್ತಿರದ ಜಾಲಹಳ್ಳಿಗೆ ಹೋಗಿ ಕೇಳಬೇಕು... ಹೋದಳೋ ಇಲ್ಲವೋ, ನನಗೆ ತಿಳಿಯಲಿಲ್ಲ.

ಎಂಬತ್ತರ ದಶಕದ ನಡುವೆ ಕಾಮಾಲೆ ಆಗಿ ತೀರಿಕೊಂಡಳು. ಮೂವತ್ತರ ಆಸುಪಾಸು. ನಮಗೆ ಯಾರೂ ಹೇಳಿ ಕಳಿಸಲಿಲ್ಲ, ಯಾಕೆ ಹೇಳಬೇಕು? ನಾನು ತವರಲ್ಲಿದ್ದಾಗ ಭತ್ತ ಹೇರಿಕೊಂಡು ಬಂದ ದೇವದುರ್ಗದ ರೈತನೊಬ್ಬ ಗಾದಿಯ ಮುಂದೆ ನಿಂತು ಸುದ್ದಿ ಹೇಳಿದ. ಅಪ್ಪ ಹಮಾಲರ ಕಡೆ ತಿರುಗಿ, "ಚೀಲ ಇಳಸ್ರಿ" ಅಂದ. ನಾನು ಅವತ್ತೇ ಗಂಟು ಕಟ್ಟಿಕೊಂಡು ಗಂಡನ ಮನೆಗೆ ಹೊರಟೆ. ಅಪ್ಪ ಸಾಯುವವರೆಗೂ ನಾನು ಆ ಮನೆಯಲ್ಲಿ ಊಟ ಮಾಡಲಿಲ್ಲ.

ಅಣ್ಣ ಈಗ ರಾಯಚೂರಿನಲ್ಲಿ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾನೆ. ಮೊನ್ನೆ ನಾನು ಬಸ್ಸಿನಲ್ಲಿ ಹೊರಟಿದ್ದು ಅವನನ್ನು ನೋಡಲಿಕ್ಕೇ. ಮಗಳು ಒಳಗೆ ಹೋದದ್ದನ್ನು ನೋಡಿ ಅವನು ನನ್ನ ಕಡೆ ಹೊರಳಿದ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಆಕೆಯ ಮಾತು ತೆಗೆದ.

"ಆಕಿ ನನ್ನ ಮ್ಯಾಲ ಸಿಟ್ಟಾಗೇ ಹೋದ್ಲೇನು?"

ಕೊನೆಯವರೆಗೂ ನಿನ್ನನ್ನು ನೆನೆಯುತ್ತಿದ್ದಳು ಅಂತ ಸುಳ್ಳು ಹೇಳಬಹುದಿತ್ತು. ಮುದುಕ, ಕಣ್ಣಲ್ಲಿ ನೀರಿತ್ತು. ಆದರೆ ಆಕೆಯ ಪರವಾಗಿ ಮಾತಾಡಲು ಭೂಮಿಯ ಮೇಲೆ ಈಗ ನಾನೊಬ್ಬಳೇ ಉಳಿದಿದ್ದೇನೆ. ನಾನು ಹೋದಮೇಲೆ ಅದೂ ಇಲ್ಲ.

"ಇಲ್ಲಣ್ಣ" ಅಂದೆ. "ಎಷ್ಟೋ ಸಲ ಹೋಗೀನಿ, ಒಮ್ಮೀನೂ ನಿನ್ನ ನೆನಸ್ಲಿಲ್ಲ ಆಕಿ. ಸಿಟ್ಟು ಇರೋದು ನನಗ."

ಅವನು ಗೋಡೆಯ ಕಡೆ ಮುಖ ಮಾಡಿದ. ನಾನು ಚಪ್ಪಲಿ ಹಾಕಿಕೊಂಡು ಹೊರಗೆ ಬಂದೆ.