ಮಳೆಯಲ್ಲಿ ನೆನೆದ ಹೊಟ್ಟು

ಅವರ ಹಣೆಯ ಮೇಲೆ ವಿಭೂತಿ ಎಲ್ಲಿ ಮುಗಿದು ತೌಡಿನ ಧೂಳು ಎಲ್ಲಿ ಶುರುವಾಗುತ್ತಿತ್ತು ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ರೆಪ್ಪೆಯ ಮೇಲೂ ತೌಡು, ಕಿವಿಯ ಕೂದಲಲ್ಲೂ ತೌಡು. ಬೆಳಗೋಡಿನ ಕಡೆಯ ಆ ಅಕ್ಕಿ ಮಿಲ್ಲಿನ ಯಜಮಾನರು ಜೋರಾಗಿ ನಕ್ಕರೆ ಮುಖದಿಂದ ಒಂದಿಷ್ಟು ಉದುರುತ್ತಿತ್ತು. ಮೋಟಾರಿನ ಸದ್ದಿನ ನಡುವೆ ಕೂಗಿ ಅಭ್ಯಾಸವಾಗಿ, ಮಿಲ್ಲು ನಿಂತ ಮೇಲೂ ಕೂಗಿಯೇ ಮಾತಾಡುತ್ತಿದ್ದರು.

ನಾನು ಅವರಲ್ಲಿಗೆ ಹೋದದ್ದು ಭತ್ತದ ಹೊಟ್ಟಿಗಾಗಿ. ಹಾಸನದ ಕಾಲೇಜೊಂದರಲ್ಲಿ ಬ್ಯಾಟರಿಗೆ ಬೇಕಾದ ಸಿಲಿಕಾನ್ ತಯಾರಿಸುವುದು ನನ್ನ ಸಂಶೋಧನೆ. ಮೊಬೈಲ್ ಚಾರ್ಜ್ ಮಾಡಿದಾಗ ಲಿಥಿಯಂ ಹೋಗಿ ಕೂರುವ ಬದಿಗೆ ಆನೋಡ್ ಎನ್ನುತ್ತಾರೆ. ಅಲ್ಲಿ ಈಗ ಹೆಚ್ಚಾಗಿ ಇರುವುದು ಗ್ರಾಫೈಟ್. ಅದರ ಬದಲು ಸಿಲಿಕಾನ್ ಇಟ್ಟರೆ ಅಷ್ಟೇ ತೂಕದಲ್ಲಿ ಎಷ್ಟೋ ಪಟ್ಟು ಲಿಥಿಯಂ ಹಿಡಿಸುತ್ತದೆ. ಆದರೆ ಲಿಥಿಯಂ ನುಂಗಿದ ಸಿಲಿಕಾನ್ ಊದುತ್ತದೆ, ಬಿಟ್ಟಾಗ ಕುಗ್ಗುತ್ತದೆ, ಕೊನೆಗೆ ಪುಡಿಪುಡಿಯಾಗುತ್ತದೆ. ಸಿಲಿಕಾನ್ ತೆಗೆಯಬಹುದಾದ ಸಿಲಿಕಾ ಹೊಟ್ಟಿನ ಬೂದಿಯಲ್ಲಿದೆ, ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಅವನ್ನು ಉಳಿಸಿಕೊಂಡು ಸಿಲಿಕಾನ್ ಮಾಡಿದರೆ ಊದುವುದಕ್ಕೆ ಒಳಗೇ ಜಾಗ ಸಿಗುತ್ತದೆ. ನಮ್ಮ ಗದ್ದೆಯ ಹೊಟ್ಟು ಬ್ಯಾಟರಿಯೊಳಗೆ! ನೆನೆಸಿಕೊಂಡರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಇದನ್ನೆಲ್ಲ ಯಜಮಾನರಿಗೆ ವಿವರಿಸಿದೆ.

"ಅವಲಕ್ಕಿ ನೆನೆ ಹಾಕ್ದಂಗೆ ಅನ್ನು. ಊದಕ್ಕೆ ಪಾತ್ರೇಲಿ ಜಾಗ ಬಿಡ್ಬೇಕು, ಅಷ್ಟೇ ತಾನೆ?"

"ಅಷ್ಟೇ ಯಜಮಾನ್ರೇ."

"ಅದ್ನ ಹೇಳಕ್ಕೆ ಇಷ್ಟೊತ್ತು ತಗಂಡ್ಯಲ್ಲ ಮಾರಾಯ್ತಿ!"

ಮಿಲ್ಲಿನ ಹಿಂದೆ ಎರಡು ಗುಡ್ಡೆಗಳಿದ್ದವು. ಒಂದು ಟಾರ್ಪಲ್ ಹೊದ್ದ ಹೊಸ ಹೊಟ್ಟು, ಬಂಗಾರದ ಬಣ್ಣ. ಇನ್ನೊಂದು ಹಿಂದಿನ ಮಳೆಗಾಲ ಪೂರ್ತಿ ಬಯಲಲ್ಲಿ ನೆನೆದು ಕಪ್ಪಿಟ್ಟಿದ್ದು. "ಬೂದಿಗಾದ್ರೆ ಹಳೇದು ತಗಂಡೋಗು ಕಣವ್ವ," ಎಂದರು. ನಾನು ಮೂಗು ಮುರಿದೆ. ನನಗೆ ಶುದ್ಧವಾದದ್ದೇ ಬೇಕು ಎಂದು ಹೊಸದನ್ನು ಚೀಲಕ್ಕೆ ತುಂಬಿಸಿಕೊಂಡು ಬಂದೆ. ಅವರು ಎರಡನೇ ಸಲವೂ ಹೇಳಿದ್ದರು.

ಹೊಟ್ಟನ್ನು ಆಮ್ಲದಲ್ಲಿ ತೊಳೆದು ಸುಡುವುದು ಎಲ್ಲರಿಗೂ ಗೊತ್ತಿರುವ ದಾರಿ. ಆಮ್ಲದಲ್ಲಿ ತೊಳೆಯದೆಯೇ ಮಾಡಿ ತೋರಿಸುತ್ತೇನೆ ಎಂದು ನಾನು ಕಾಲೇಜಿಗೆ ಜಂಬದಿಂದ ಬರೆದುಕೊಟ್ಟಿದ್ದೆ. ನಾಲ್ಕಾರು ಬಕೆಟ್ ನೀರಿನಲ್ಲಿ ತೊಳೆದು ಸುಟ್ಟೆ. ಬೂದಿ ಕರಿಬಿಳಿಯಾಗಿ ಗಂಟುಗಟ್ಟಿತು, ರಂಧ್ರಗಳು ಮುಚ್ಚಿಹೋದವು. ಅದರಿಂದ ಮಾಡಿದ ಬ್ಯಾಟರಿಗಳೆಲ್ಲ ಕೆಲವೇ ದಿನಗಳಲ್ಲಿ ಸತ್ತವು. "ಇನ್ನೊಂದು ಸಲ ಹೀಗಾದರೆ ಈ ವಿಷಯ ಕೈಬಿಡಿ," ಎಂದರು ಮಾರ್ಗದರ್ಶಕರು. ಮೂರು ವರ್ಷದ ದುಡಿಮೆ! ಸಿಟ್ಟಿನಲ್ಲಿ ಬಸ್ಸು ಹತ್ತಿ ನೇರ ಮಿಲ್ಲಿಗೇ ಹೋಗಿ, "ನಿಮ್ಮ ಹೊಟ್ಟು ಸರಿಯಿಲ್ಲ," ಎಂದುಬಿಟ್ಟೆ. ಈಗ ನಾಚಿಕೆಯಾಗುತ್ತದೆ.

ಅವರು ಬೈಯಲಿಲ್ಲ. ಭತ್ತದ ಮೂಟೆ ತಂದವರು ಸಾಲಾಗಿ ಕಾಯುತ್ತಿದ್ದರೂ ಮಿಲ್ಲು ನಿಲ್ಲಿಸಿದರು. ಅಂಗಳದಲ್ಲಿ ಹೊಸ ಹೊಟ್ಟಿನದೊಂದು, ಬಿಸಿಲಿಗೆ ಒಣಗಿದ್ದ ಹಳೆಯದರದೊಂದು ಗುಡ್ಡೆ ಮಾಡಿ ಬೆಂಕಿ ಇಟ್ಟರು. ನಾನು ಕಡ್ಡಿ ಹಿಡಿದು ಹೋದರೆ, "ಕೆದಕ್ಬ್ಯಾಡ! ಅದ್ರ ಪಾಡಿಗೆ ಅದು ಬೇಯ್ಲಿ," ಎಂದು ಗದರಿದರು.

ರಾತ್ರಿ ಹತ್ತಿರದ ಆನೇಮಹಲಿನ ನಮ್ಮ ಮನೆಯಲ್ಲಿ ಉಳಿದು, ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ. ಹೊಸದರ ಬೂದಿ ಕರಿಕರಿ. ಹಳೆಯದರದ್ದು ಅವರ ಹಣೆಯ ವಿಭೂತಿಯಷ್ಟು ಬೆಳ್ಳಗೆ ಹಗುರವಾಗಿ ಕೂತಿತ್ತು.

"ಪೂಜೆ ಪಾತ್ರೆ ಬೆಳಗಕ್ಕೆ ನಮ್ಮವ್ವ ಮಳೇಲಿ ನೆಂದ ಹೊಟ್ಟನ್ನೇ ಸುಡ್ತಿದ್ದಿದ್ದು. ಹೊಸದ್ರ ಬೂದೀಲಿ ಬೆಳಗಿದ್ರೆ ಕೈ ಉರೀತಿತ್ತಂತೆ. ಆ ಉರೀನ ಮಳೆ ತಕ್ಕೊಂಡೋಗ್ಬುಡ್ತೈತೆ."

ಕೈ ಉರಿಸುವುದು ಪೊಟ್ಯಾಸಿಯಂ! ಸುಡುವಾಗ ಕರಗಿ ನನ್ನ ರಂಧ್ರಗಳನ್ನು ಮುಚ್ಚುತ್ತಿದ್ದದ್ದೂ ಅದೇ. ಬಕೆಟ್ ನೀರಿಗೆ ಬಿಡದಿದ್ದ ಅದನ್ನು ನಮ್ಮ ಮಳೆ ತಿಂಗಳುಗಟ್ಟಲೆ ಕೂತು ತೊಳೆದಿತ್ತು. ನಾನು ಅಂಗಳದಲ್ಲಿ ಕುಣಿದೇಬಿಟ್ಟೆ. ಮೂಟೆಯವರು ಈಕೆಗೇನೋ ಆಗಿದೆ ಎಂದುಕೊಂಡರು.

ಆ ಬೂದಿಯ ಬ್ಯಾಟರಿ ಹಿಂದಿನವೆಲ್ಲ ಸತ್ತ ಗಡಿಯನ್ನು ದಾಟಿತು. ವಾರ ಕಳೆಯಿತು, ತಿಂಗಳು ಕಳೆಯಿತು, ಉಳಿದೇ ಇತ್ತು. ವಿಷಯ ಕೈಬಿಡುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಅಂಗಿಯ ಗುಂಡಿಯಷ್ಟಿದ್ದ ಅದನ್ನು ಮಿಲ್ಲಿಗೆ ಒಯ್ದು ಪುಟ್ಟ ದೀಪ ಹೊತ್ತಿಸಿ ತೋರಿಸಿದೆ. ಯಜಮಾನರು ಅಂಗೈಯಲ್ಲಿಟ್ಟುಕೊಂಡು, "ನಮ್ ಹೊಟ್ಟು ಕಣ್ರೋ ಇದು!" ಎಂದು ಇಡೀ ಬೀದಿಗೆ ಕೂಗಿದರು. ವಾಪಸು ಕೊಡಲೇ ಇಲ್ಲ, ವಿಭೂತಿ ಡಬ್ಬಿಯಲ್ಲಿ ಇಟ್ಟುಕೊಂಡರು.

ಈ ಸಲ ಮಳೆಗಾಲಕ್ಕೆ ಮುಂಚೆ ಅವರು ಹೋಗಿಬಿಟ್ಟರು. ಸುದ್ದಿ ಕೇಳಿ ಓಡಿದೆ. ಮಣ್ಣು ಮಾಡಿ ಎಲ್ಲರೂ ಮಿಲ್ಲಿನ ಪಕ್ಕದ ಅವರ ಮನೆಗೆ ಬರುವಷ್ಟರಲ್ಲಿ ಮೋಡ ಕವಿದಿತ್ತು. ನೆಂಟರೊಬ್ಬರು ಹೊಟ್ಟು ನೆನೆಯುತ್ತದೆಂದು ಮಿಲ್ಲಿನ ಹಿಂದಿನ ಗುಡ್ಡೆಗೆ ಟಾರ್ಪಲ್ ಎಳೆಯುತ್ತಿದ್ದರು. ಯಜಮಾನರ ಮಗಳು, ಈಗ ಮಿಲ್ಲು ನೋಡಿಕೊಳ್ಳುವವಳು, ಅಳುತ್ತಲೇ ಓಡಿಬಂದಳು. "ಮುಚ್ಬ್ಯಾಡಿ! ಅಪ್ಪ ಮೊನ್ನೆನೂ ಹೇಳೈತೆ, ಅದು ಬ್ಯಾಟ್ರಿ ಮೇಡಮ್ಮುನ್ ಗುಡ್ಡೆ, ನೆನೀಲಿ ಅಂತ."

ನಾನೂ ಅವಳೂ ಎರಡು ತುದಿ ಹಿಡಿದು ಟಾರ್ಪಲ್ ಎಳೆದು ತೆಗೆದೆವು. ದಪ್ಪ ಹನಿಗಳು ಹೊಟ್ಟಿನ ಮೇಲೆ ಬೀಳತೊಡಗಿದವು.